ವೆಲ್ಲೆಸ್ಲಿ ಸೇತುವೆಯ ಕೆಳಗೆ

ಶ್ರೀರಂಗಪಟ್ಟಣದಿಂದ ಕಿರಂಗೂರಿನ ಕಡೆಗೆ ಕಾವೇರಿಯ ಉತ್ತರದ ಕವಲನ್ನು ದಾಟುವ ಹಳೆಯ ಕಲ್ಲಿನ ಸೇತುವೆಯ ಮೇಲೆ ನಾನು ಎಷ್ಟು ಸಲ ಓಡಾಡಿದ್ದೇನೋ ಲೆಕ್ಕವಿಲ್ಲ. ಅದರ ಕೆಳಗೆ ಇಳಿದು ನಿಂತದ್ದು ಮಾತ್ರ ಕೆಲಸದಿಂದ ನಿವೃತ್ತನಾದ ಮೇಲೆ, ಒಂದು ಬೇಸಿಗೆಯಲ್ಲಿ. ಕನ್ನಂಬಾಡಿಯಿಂದ ನೀರು ಕಡಿಮೆ ಬಿಟ್ಟಿದ್ದ ದಿನಗಳವು. ನದಿ ಬಂಡೆಗಳ ನಡುವೆ ನಾಲ್ಕಾರು ಸೀಳುಗಳಾಗಿ, ಸದ್ದು ಹೆಚ್ಚು ಮಾಡದೆ ಹರಿಯುತ್ತಿತ್ತು. ಪಾಚಿಗೆ ಕಾಲು ಜಾರದಂತೆ ಹೆಜ್ಜೆಯಿಡುತ್ತ ಸೇತುವೆಯ ನೆರಳಿಗೆ ಬಂದು ತಲೆಯೆತ್ತಿದಾಗ, ಯಾವುದೋ ಗುಡಿಯ ಮಂಟಪದೊಳಗೆ ಹೊಕ್ಕ ಹಾಗಾಯಿತು. ಸಾಲುಸಾಲು ಕಲ್ಲಿನ ಕಂಬಗಳು, ಕಂಬದ ತಲೆಯ ಮೇಲೆ ಎರಡು ಕಡೆಗೂ ಚಾಚಿದ ಬೋದಿಗೆ, ಬೋದಿಗೆಯ ಮೇಲೆ ತೊಲೆ. ರಂಗನಾಥಸ್ವಾಮಿ ದೇವಸ್ಥಾನದ ಪ್ರಾಕಾರದಲ್ಲಿ ಕುಳಿತು ಪುಳಿಯೋಗರೆ ತಿನ್ನುವಾಗ ತಲೆಯ ಮೇಲೆ ಕಾಣುವುದೂ ಇದೇ ಜೋಡಣೆ. ಇಲ್ಲಿ ಕೆತ್ತನೆಯಿಲ್ಲ, ದೇವರಿಲ್ಲ, ನೆಲದ ಜಾಗದಲ್ಲಿ ನೀರಿದೆ, ಅಷ್ಟೇ ವ್ಯತ್ಯಾಸ.

ಮೂವತ್ತು ವರ್ಷ ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ತೊಲೆ ಹೇಗೆ ಬಾಗುತ್ತದೆ, ಎಲ್ಲಿ ಬಿರುಕು ಬಿಡುತ್ತದೆ ಎಂದು ಪಾಠ ಹೇಳಿದವನು ನಾನು. ಕಪ್ಪು ಹಲಗೆಯ ಮೇಲೆ ಎಳೆದ ಎರಡು ಗೆರೆಗಳನ್ನೇ ತೊಲೆ ಎಂದು ನಂಬಿಸಿ ಲೆಕ್ಕ ಮಾಡಿಸಿದೆನೇ ಹೊರತು, ತರಗತಿಯನ್ನು ಒಂದು ದಿನವೂ ಇಲ್ಲಿಗೆ ಕರೆತರಲಿಲ್ಲ. ಈ ಬರಹಕ್ಕೆ ಆ ಅಳುಕೂ ಒಂದು ಕಾರಣ.

ಸೇತುವೆಯ ಕೆಲಸ 1802ರಲ್ಲಿ ಮೊದಲಾಗಿ 1804ಕ್ಕೆ ಮುಗಿಯಿತು. ಕಟ್ಟಿಸಿದವರು ದಿವಾನ್ ಪೂರ್ಣಯ್ಯನವರು. ಹೈದರ್ ಮತ್ತು ಟಿಪ್ಪು ಇಬ್ಬರ ಬಳಿಯೂ ಲೆಕ್ಕಪತ್ರ, ಹಣಕಾಸು ನೋಡಿಕೊಂಡಿದ್ದ ಅವರು, 1799ರ ನಂತರ ಒಡೆಯರ ಮನೆತನ ಮತ್ತೆ ಪಟ್ಟಕ್ಕೆ ಬಂದಾಗ ಅದೇ ಕೈಯಿಂದ ಮೈಸೂರಿನ ಆಡಳಿತವನ್ನೂ ನಡೆಸಿದರು. ಪಟ್ಟಕ್ಕೆ ಬಂದ ಮುಮ್ಮಡಿ ಕೃಷ್ಣರಾಜ ಒಡೆಯರು ಆಗ ಐದು ವರ್ಷದ ಮಗು. ಸೇತುವೆ ಮುಗಿಯುವ ವೇಳೆಗೆ ಅವರಿಗೆ ಹತ್ತು ವರ್ಷ. ಆ ಬಾಲಕನ ಹೆಸರಿನಲ್ಲಿಯೇ ಸೇತುವೆಯನ್ನು ಗವರ್ನರ್ ಜನರಲ್ ಮಾರ್ಕ್ವಿಸ್ ವೆಲ್ಲೆಸ್ಲಿಗೆ ಅರ್ಪಿಸಲಾಯಿತು. ಊರಿಗೆ ಬರುವ ಪ್ರವಾಸಿಗರಲ್ಲಿ ಅನೇಕರು, ಅಷ್ಟೇಕೆ, ಕೆಲವು ಮಾರ್ಗದರ್ಶಿಗಳೂ, ಇದನ್ನು ಮುಂದೆ ವೆಲ್ಲಿಂಗ್ಟನ್ ಡ್ಯೂಕ್ ಎನಿಸಿಕೊಂಡ ಆರ್ಥರ್ ವೆಲ್ಲೆಸ್ಲಿಯ ಹೆಸರೆಂದು ತಿಳಿಯುತ್ತಾರೆ. ಹೆಸರು ಅವನ ಅಣ್ಣ ರಿಚರ್ಡನದು. ತಮ್ಮ ಆರ್ಥರ್ ಇದೇ ಶ್ರೀರಂಗಪಟ್ಟಣದಲ್ಲಿ ಸೇನಾಧಿಕಾರಿಯಾಗಿದ್ದು, ಪೂರ್ಣಯ್ಯನವರೊಂದಿಗೆ ನಿತ್ಯ ಪತ್ರವ್ಯವಹಾರ ಇಟ್ಟುಕೊಂಡಿದ್ದವನಾದ್ದರಿಂದ ಈ ಗೊಂದಲ ಸಹಜವೇ.

ಹೆಸರಿಟ್ಟದ್ದನ್ನು ಬರೀ ಮುಖಸ್ತುತಿ ಎಂದು ತಳ್ಳಿಹಾಕುವ ಮುನ್ನ ಆಗಿನ ನಕ್ಷೆಯನ್ನು ನೆನೆಯಬೇಕು. ಟಿಪ್ಪುವಿನ ಪತನದ ನಂತರ ನಡೆದ ಪಾಲುಪಟ್ಟಿಯಲ್ಲಿ ಮೈಸೂರಿನ ನಡುಭಾಗ ಒಡೆಯರಿಗೆ ಬಂತು, ಆದರೆ ಶ್ರೀರಂಗಪಟ್ಟಣದ ಕೋಟೆಯನ್ನೂ ದ್ವೀಪವನ್ನೂ ಈಸ್ಟ್ ಇಂಡಿಯಾ ಕಂಪನಿ ತಾನೇ ಇಟ್ಟುಕೊಂಡಿತು. ಅಂದರೆ ಈ ಸೇತುವೆಯ ಉತ್ತರದ ತುದಿ ಮೈಸೂರು ಸಂಸ್ಥಾನದ ನೆಲದಲ್ಲಿತ್ತು, ದಕ್ಷಿಣದ ತುದಿ ಕಂಪನಿಯ ನೆಲದಲ್ಲಿ. ಮೈಸೂರಿನ ದಿವಾನರು ಕಟ್ಟಿಸಿದ ಸೇತುವೆ ಮೈಸೂರಿನದಲ್ಲದ ದ್ವೀಪಕ್ಕೆ ಹೋಗಿ ಮುಟ್ಟುತ್ತಿತ್ತು. 1610ರಲ್ಲಿ ರಾಜ ಒಡೆಯರು ಪಡೆದು ರಾಜಧಾನಿ ಮಾಡಿಕೊಂಡ ಊರು ಅದು. ಅಲ್ಲಿಗೆ ಹಿಂತಿರುಗಲು ಅವರ ವಂಶದವರು 1881ರವರೆಗೆ ಕಾಯಬೇಕಾಯಿತು. ಆ ವರ್ಷ ಬೆಂಗಳೂರಿನ ದಂಡು ಪ್ರದೇಶವನ್ನು ಬ್ರಿಟಿಷರಿಗೆ ಬಿಟ್ಟುಕೊಟ್ಟು ಶ್ರೀರಂಗಪಟ್ಟಣವನ್ನು ಪಡೆದುಕೊಳ್ಳಲಾಯಿತು. ಪೂರ್ಣಯ್ಯನವರು ಲೆಕ್ಕದ ಮನುಷ್ಯ. ಎರಡು ತುದಿಗೆ ಇಬ್ಬರು ಒಡೆಯರಿದ್ದ ಸೇತುವೆಗೆ ಯಾರ ಹೆಸರಿಟ್ಟರೆ ಯಾವ ಕಡೆಯಿಂದಲೂ ತಕರಾರು ಬರುವುದಿಲ್ಲವೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಇದು ನನ್ನ ಊಹೆ, ಆದರೆ ಅವರ ಬದುಕನ್ನು ಬಲ್ಲವರು ಇದನ್ನು ಒಪ್ಪಿಯಾರು.

ಅದಕ್ಕೂ ಮೊದಲು ಈ ನದಿ ಊರಿನ ಕಂದಕವಾಗಿತ್ತು. 1792ರ ಫೆಬ್ರವರಿಯ ರಾತ್ರಿ ಕಾರ್ನ್‌ವಾಲಿಸನ ದಂಡು ಉತ್ತರದ ಕಡೆಯಿಂದ ಬಂದು ನೀರಿಗಿಳಿದು ದ್ವೀಪ ಹೊಕ್ಕಿತು. 1799ರ ಮೇ 4ರ ಮಧ್ಯಾಹ್ನ ಕೋಟೆಯ ಪಶ್ಚಿಮದ ಮೂಲೆಯಲ್ಲಿ ಬಿದ್ದ ಬಿರುಕಿಗೆ ಸೈನಿಕರು ಏರಿದ್ದೂ ಕಲ್ಲುಬಂಡೆಗಳ ನದೀಪಾತ್ರವನ್ನು ನಡೆದೇ ದಾಟಿ. ಆ ಮುತ್ತಿಗೆಯ ಲೆಕ್ಕಾಚಾರವೆಲ್ಲ ಮಳೆಗಾಲದ ಮೇಲೆ ನಿಂತಿತ್ತು. ಕೊಡಗಿನಲ್ಲಿ ಮಳೆ ಹಿಡಿದು ಜೂನಿನಲ್ಲಿ ಕಾವೇರಿ ಏರಿತೆಂದರೆ ಹೊರಗಿನ ದಂಡು ಹೊರಗೇ ಉಳಿಯಬೇಕಾಗಿತ್ತು. ಕೋಟೆಯ ಒಳಗಿದ್ದವರಿಗೆ ಬೇಕಾಗಿದ್ದು ಇನ್ನೊಂದು ತಿಂಗಳು, ಹೊರಗಿದ್ದವರಿಗೆ ಇಲ್ಲದಿದ್ದುದೂ ಅದೇ ಒಂದು ತಿಂಗಳು. ಆದರೆ ಕೋಟೆ ಕೈಗೆ ಬಂದ ಮರುದಿನದಿಂದಲೇ ಅದೇ ನದಿ ಗೆದ್ದವರಿಗೆ ಅಡ್ಡಿಯಾಯಿತು. ದಂಡಿಗೆ ಅಕ್ಕಿ, ಹುರುಳಿ, ಮದ್ದುಗುಂಡು, ಎತ್ತುಗಳು ಬರಬೇಕು. ಮಳೆಗಾಲದಲ್ಲಿ ಇವೆಲ್ಲ ಹರಿಗೋಲಿನಲ್ಲಿ ದಾಟಬೇಕು. ಹರಿಗೋಲನ್ನು ಆರ್ಥರ್ ವೆಲ್ಲೆಸ್ಲಿ ಹೀಗಳೆದವನಲ್ಲ. 1803ರಲ್ಲಿ ಮರಾಠರ ಮೇಲೆ ಹೋಗುವಾಗ ದಾರಿಯ ನದಿಗಳಿಗಾಗಿ ಅವನೇ ಹರಿಗೋಲುಗಳನ್ನು ಮಾಡಿಸಿಡಿಸಿದ್ದ. ಆದರೂ ಒಂದು ಊರನ್ನು, ಅದರೊಳಗಿನ ದಂಡನ್ನು ವರ್ಷಪೂರ್ತಿ ಸಾಕಲು ಬುಟ್ಟಿದೋಣಿ ಸಾಲದು.

ಈಗ ನನಗೆ ತುಂಬ ಇಷ್ಟವಾದ ಸಂಗತಿಗೆ ಬರುತ್ತೇನೆ. 1800ರಲ್ಲಿ, ಅಂದರೆ ಸೇತುವೆಯ ಕೆಲಸ ಶುರುವಾಗುವ ಎರಡು ವರ್ಷ ಮೊದಲು, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಮದರಾಸಿನಿಂದ ಹೊರಟು ಮೈಸೂರು ಸೀಮೆಯನ್ನು ಸುತ್ತಿದ. ಬೆಳೆ, ಮಣ್ಣು, ನೇಯ್ಗೆ, ಜಾತಿ, ತೆರಿಗೆ ಎಲ್ಲವನ್ನೂ ಬರೆದುಕೊಂಡು ಬರುವಂತೆ ಅವನನ್ನು ಕಳುಹಿಸಿದ್ದವನು ಇದೇ ಗವರ್ನರ್ ಜನರಲ್ ವೆಲ್ಲೆಸ್ಲಿ. ಶ್ರೀರಂಗಪಟ್ಟಣದಲ್ಲಿ ಬುಕಾನನ್ ಕಾವೇರಿಯ ದಕ್ಷಿಣದ ಕವಲಿನ ಮೇಲಿದ್ದ ಒಂದು ಹಳೆಯ ಸೇತುವೆಯನ್ನು ನೋಡಿದ. ಅದು ಸೇತುವೆಯೂ ಹೌದು, ಮೇಲುಗಾಲುವೆಯೂ ಹೌದು: ಅಗಲದ ಅರ್ಧದಲ್ಲಿ ದ್ವೀಪದ ಊರಿಗೆ, ತೋಟಗಳಿಗೆ ನೀರು ಹರಿಯುತ್ತಿತ್ತು, ಉಳಿದರ್ಧದಲ್ಲಿ ಜನ ನಡೆಯುತ್ತಿದ್ದರು. ಕಂಠೀರವ ನರಸರಾಜ ಒಡೆಯರ (1638–1659) ಕಾಲದ್ದೆಂದು ಹೇಳುವ ಬಂಗಾರದೊಡ್ಡಿ ನಾಲೆ ನದಿಯನ್ನು ದಾಟುವುದು ಹೀಗೆಯೇ. ಬುಕಾನನ್ ಅದನ್ನು ಎಂಥ ಶ್ರದ್ಧೆಯಿಂದ ನೋಡಿದ್ದಾನೆಂದರೆ, ಅವನ ವರ್ಣನೆಯನ್ನು ಓದಿಕೊಂಡೇ ಅಂಥದೊಂದನ್ನು ಕಟ್ಟಬಹುದು. ಅತಿ ದೊಡ್ಡ ನೆರೆಯ ಮಟ್ಟಕ್ಕಿಂತ ಎತ್ತರಕ್ಕೆ ನಿಲ್ಲುವಂಥ ಚೌಕಾಕಾರದ ಕಣಶಿಲೆಯ, ಅಂದರೆ ಗ್ರಾನೈಟಿನ, ಕಂಬಗಳು. ಅವುಗಳ ಬುಡವನ್ನು ಹಾಸುಬಂಡೆಯಲ್ಲಿ ಕೊರೆದ ಗುಳಿಗೆ ಇಳಿಸಿ ನಿಲ್ಲಿಸಿರುವುದು. ಸೇತುವೆಯ ಅಗಲದುದ್ದಕ್ಕೂ ಒಂದು ಸಾಲು, ಸುಮಾರು ಹತ್ತು ಅಡಿ ಬಿಟ್ಟು ಇನ್ನೊಂದು ಸಾಲು. ಸಾಲಿನ ತಲೆಗಳನ್ನು ಮಟ್ಟ ಮಾಡಿ ಮೇಲೊಂದು ಉದ್ದ ಕಲ್ಲು. ಸಾಲಿನಿಂದ ಸಾಲಿಗೆ ಒತ್ತೊತ್ತಾಗಿ ಹಾಸಿದ ಕಲ್ಲುಗಳು. ಅದರ ಮೇಲೆ ಗರಸು. ಒಟ್ಟು ಅಗಲ ಇಪ್ಪತ್ತು ಅಡಿ. ಪಕ್ಕದಲ್ಲಿ ತಡೆಗೋಡೆಯಾಗಲಿ ಕಟಕಟೆಯಾಗಲಿ ಇಲ್ಲ.

ಇಷ್ಟನ್ನು ಇಷ್ಟು ಚೆನ್ನಾಗಿ ನೋಡಿದ ಮನುಷ್ಯ ಕೊಟ್ಟ ತೀರ್ಪು ಬೇರೆ. ಈ ಸೇತುವೆಯ ಒರಟುತನವೇ ಮೈಸೂರಿನಲ್ಲಿ ಕಲೆ-ಕಸುಬುಗಳು ಎಷ್ಟು ಹಿಂದುಳಿದಿವೆ ಎಂಬುದಕ್ಕೆ ಸಾಕ್ಷಿ ಎಂಬುದು ಅವನ ಅಭಿಪ್ರಾಯ. ಅದಾದ ಎರಡೇ ವರ್ಷಕ್ಕೆ ಪೂರ್ಣಯ್ಯನವರು ಉತ್ತರದ ಕವಲಿಗೆ ಅದೇ ಜಾತಿಯ ಸೇತುವೆಯನ್ನು ಕಟ್ಟಿಸತೊಡಗಿ, ಬುಕಾನನನನ್ನು ಕಳುಹಿಸಿದ ಧಣಿಯ ಹೆಸರನ್ನೇ ಅದಕ್ಕಿಟ್ಟರು. ಇದರಲ್ಲಿ ವ್ಯಂಗ್ಯ ಉದ್ದೇಶಪೂರ್ವಕವಾಗಿತ್ತೆಂದು ನಾನು ಹೇಳಲಾರೆ. ಓದುವವನಿಗೆ ಮಾತ್ರ ನಗು ಬರದೆ ಇರದು.

ಒರಟು ಎನ್ನುವ ಮಾತನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಕಣಶಿಲೆಯನ್ನು ಮೇಲಿನಿಂದ ಒತ್ತಿದರೆ ಅದು ಎಂಥ ಭಾರವನ್ನೂ ತಾಳುತ್ತದೆ. ಎಳೆದರೆ ತಾಳುವುದಿಲ್ಲ, ಎಳೆತವನ್ನು ತಡೆಯುವ ಅದರ ಶಕ್ತಿ, ಒತ್ತಡವನ್ನು ತಡೆಯುವ ಶಕ್ತಿಯ ಹತ್ತನೇ ಒಂದು ಭಾಗದ ಆಸುಪಾಸಿನಲ್ಲೋ ಅದಕ್ಕಿಂತ ಕೆಳಗೋ ಇರುತ್ತದೆ. ಎರಡು ಕಂಬಗಳ ಮೇಲೆ ಮಲಗಿಸಿದ ಕಲ್ಲಿನ ತೊಲೆ ತನ್ನ ಭಾರಕ್ಕೇ ಕೂದಲೆಳೆಯಷ್ಟು ಬಾಗುತ್ತದೆ. ಬಾಗಿದಾಗ ಅದರ ಮೇಲ್ಮೈ ಒತ್ತಿಕೊಳ್ಳುತ್ತದೆ, ಕೆಳಮೈ ಎಳೆದುಕೊಳ್ಳುತ್ತದೆ. ತೊಲೆ ಮುರಿಯುವುದಾದರೆ ಕೆಳಗಿನಿಂದ, ನಟ್ಟನಡುವೆ, ಮುನ್ಸೂಚನೆಯಿಲ್ಲದೆ ಮುರಿಯುತ್ತದೆ. ಮರದ ತೊಲೆಯಾದರೆ ಮುರಿಯುವ ಮೊದಲು ನರಳುತ್ತದೆ, ಕಬ್ಬಿಣ ಜೋತುಬೀಳುತ್ತದೆ. ಕಲ್ಲು ಮಾತ್ರ ಏನನ್ನೂ ಹೇಳುವುದಿಲ್ಲ. ತೊಲೆಯ ದಪ್ಪವನ್ನು ಹಾಗೆಯೇ ಇಟ್ಟು ಉದ್ದವನ್ನು ಇಮ್ಮಡಿ ಮಾಡಿದರೆ ಸ್ವಂತ ಭಾರದಿಂದಲೇ ಕೆಳಮೈಯ ಎಳೆತ ನಾಲ್ಕು ಪಟ್ಟಾಗುತ್ತದೆ. ಹತ್ತು ಅಡಿಗೊಂದು ಸಾಲು ಏಕೆ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಇಪ್ಪತ್ತು ಅಡಿಗೊಂದು ಸಾಲು ನಿಲ್ಲಿಸಿದ್ದರೆ ಅರ್ಧ ಕಂಬಗಳು ಉಳಿಯುತ್ತಿದ್ದವು, ಸೇತುವೆ ಉಳಿಯುತ್ತಿರಲಿಲ್ಲ.

ಬೋದಿಗೆಯ ಉಪಾಯವನ್ನು ಮೆಚ್ಚಬೇಕಾದದ್ದೂ ಇಲ್ಲಿಯೇ. ಕಂಬದ ತಲೆಯಿಂದ ಎರಡು ಕಡೆಗೂ ಒಂದೊಂದು ಅಡಿ ಚಾಚಿಕೊಂಡ ಕಲ್ಲಿನ ತುಂಡಿನಿಂದ ಹತ್ತು ಅಡಿಯ ತೆರಪು ಎಂಟು ಅಡಿಯಾಗುತ್ತದೆ ಎಂದಿಟ್ಟುಕೊಳ್ಳಿ. ಉಳಿತಾಯ ಐದರಲ್ಲೊಂದು ಪಾಲು ಎಂದು ಮೇಲುನೋಟಕ್ಕೆ ಅನಿಸುತ್ತದೆ. ಲೆಕ್ಕ ಮಾಡಿದರೆ ತೊಲೆಯ ಕೆಳಮೈಯ ಎಳೆತ ನೂರರಿಂದ ಅರವತ್ನಾಲ್ಕಕ್ಕೆ ಇಳಿದಿರುತ್ತದೆ, ಅಂದರೆ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಉಳಿತಾಯ. ಎಳೆತವು ಉದ್ದದ ವರ್ಗಕ್ಕೆ ತಕ್ಕಂತೆ ಏರಿಳಿಯುವ ಈ ಲೆಕ್ಕವನ್ನು ಆ ಕಲ್ಲುಕುಟಿಗರು ಕಾಗದದ ಮೇಲೆ ಬರೆದಿರಲಾರರು. ಗುಡಿಗಳನ್ನು ಕಟ್ಟಿ ಕಟ್ಟಿ, ಯಾವ ತೊಲೆ ಮುರಿಯಿತು, ಯಾವುದು ನಿಂತಿತು ಎಂದು ತಲೆಮಾರುಗಳ ಕಾಲ ನೋಡಿದ ಕೈಗಳಿಗೆ ಅದು ಗೊತ್ತಿತ್ತು. ನಾನು ತರಗತಿಯಲ್ಲಿ ನಲವತ್ತು ನಿಮಿಷ ತೆಗೆದುಕೊಂಡು ಸಾಧಿಸುತ್ತಿದ್ದ ಸೂತ್ರ ಇಲ್ಲಿ ಎರಡು ಶತಮಾನದಿಂದ ನೀರಿನ ಮೇಲೆ ನಿಂತಿದೆ.

ಹತ್ತು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ದಪ್ಪದ ಒಂದು ಕಣಶಿಲೆಯ ತೊಲೆ ಹೆಚ್ಚುಕಡಿಮೆ 1,700 ಕಿಲೋ ತೂಗುತ್ತದೆ. ಇಂಥದ್ದನ್ನು ಬಂಡೆಯಿಂದ ಎಬ್ಬಿಸುವ ಬಗೆಯನ್ನು ನಮ್ಮ ಸೀಮೆಯ ಹಳಬರು ಈಗಲೂ ಬಲ್ಲರು. ಕಲ್ಲಿನ ನರ ನೋಡಿ ಗೆರೆ ಹಾಕಿ, ಗೆರೆಯ ಮೇಲೆ ಗೇಣುದ್ದಕ್ಕೊಂದರಂತೆ ಚಾಣದಿಂದ ಗುಳಿ ತೆಗೆದು, ಗುಳಿಗೊಂದು ಬೆಣೆಯಿಟ್ಟು, ಒಂದಾದ ಮೇಲೊಂದರಂತೆ ಸುತ್ತಿಗೆಯಿಂದ ಹೊಡೆಯುತ್ತ ಹೋಗುವುದು. ಹೊಡೆತದ ನಾದ ಬದಲಾದಾಗ ಕಲ್ಲು ಬಿಡುತ್ತಿದೆ ಎಂದು ತಿಳಿಯುತ್ತದೆ. ತೆಳುವಾದ ಚಪ್ಪಡಿ ಬೇಕಾದರೆ ಬಂಡೆಯ ಮೇಲೆ ಬೆಂಕಿ ಹಾಕಿ, ಕಾದ ಪದರ ಎದ್ದುಕೊಳ್ಳುವಂತೆ ಮಾಡುವುದೂ ಉಂಟು. ಹಂಪಿಯಲ್ಲಿ ತಿರುಗಾಡಿದವರಿಗೆ ಆ ಗುಳಿಗಳ ಸಾಲು ಎಲ್ಲೆಲ್ಲೂ ಕಂಡಿರುತ್ತದೆ. ಯಾವುದೋ ಬಂಡೆಗೆ ಹಲ್ಲು ಹಚ್ಚಿ ಯಾರೋ ಅರ್ಧಕ್ಕೇ ಎದ್ದುಹೋದ ಹಾಗೆ. ಕಾವೇರಿಯ ಈ ಪಾತ್ರದ ಕಲ್ಲು ಮುನ್ನೂರು ಕೋಟಿ ವರ್ಷದಷ್ಟು ಹಳೆಯ ಶಿಲಾವರ್ಗಕ್ಕೆ ಸೇರಿದ್ದು, ಭೂಮಿಯ ಮೇಲೆ ಸಿಗುವ ಬಹಳ ಗಟ್ಟಿಯಾದ ನೆಲಗಳಲ್ಲಿ ಒಂದು. ಸೇತುವೆಯ ಅರ್ಧ ಬಾಳಿಕೆ ಕಟ್ಟಿದವರ ಜಾಣ್ಮೆಯದಾದರೆ ಇನ್ನರ್ಧ ಈ ನೆಲದ್ದು.

ಏಕೆಂದರೆ ಸೇತುವೆಗಳು ಬೀಳುವುದು ಹೆಚ್ಚಾಗಿ ಕಾಲಿನಿಂದ. ನೆರೆಯ ನೀರು ಕಂಬದ ಬುಡದ ಮರಳನ್ನು, ಮಣ್ಣನ್ನು ಕೊರೆದು ಒಯ್ಯುತ್ತದೆ, ಬುಡ ಕಳೆದುಕೊಂಡ ಕಂಬ ವಾಲುತ್ತದೆ, ಮೇಲಿದ್ದದ್ದು ಬರುತ್ತದೆ. ಇಲ್ಲಿ ಕೊರೆಯಲು ಮರಳೇ ಇಲ್ಲ, ಬಂಡೆಯೊಳಗೆ ಬಂಡೆಯನ್ನೇ ನೆಟ್ಟಿದೆ. ಅಗಲದ ಸಾಲಿನಲ್ಲಿ ಕಂಬಗಳು ಒಂದರ ಹಿಂದೊಂದು ಹರಿವಿನ ದಿಕ್ಕಿಗೇ ನಿಂತಿರುವುದರಿಂದ ನೀರಿಗೆ ಎದುರಾಗುವುದು ಒಂದೇ ಕಂಬದ ಮುಖ, ಉಳಿದವು ಅದರ ಮರೆಯಲ್ಲಿರುತ್ತವೆ. ಇನ್ನೊಂದು ಮಾತು. ನೆರೆ ಮೇಲಿನ ಹಾಸಿನ ತನಕ ಏರಿದಾಗ, ಮುಳುಗಿದ ಕಲ್ಲು ತನ್ನ ತೂಕದ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ನೀರಿಗೆ ಒಪ್ಪಿಸಿ ಹಗುರವಾಗುತ್ತದೆ. ತೂಕದಿಂದಲೇ ಕುಳಿತಿರುವ ಚಪ್ಪಡಿಗೆ ಅದು ಅಪಾಯದ ಗಳಿಗೆ. ಆಗ ಪಕ್ಕದಲ್ಲಿ ಗಟ್ಟಿಯಾದ ತಡೆಗೋಡೆಯಿದ್ದರೆ ನೀರಿಗೆ ಹಿಡಿದು ನೂಕಲು ಒಂದು ಹಿಡಿ ಸಿಕ್ಕಂತೆ. ಬುಕಾನನ್ ಕೊರತೆಯೆಂದು ಬರೆದುಕೊಂಡ ಬೋಳು ಅಂಚು, ನೀರು ಮೇಲೆ ಹರಿದುಹೋಗಲೆಂದು ಬಿಟ್ಟ ದಾರಿಯಾಗಿದ್ದಿರಬಹುದು. ರಾತ್ರಿ ಗಾಡಿ ಹೊಡೆದುಕೊಂಡು ಬರುವವನಿಗೆ ಅದರಿಂದ ಭಯವಿತ್ತು, ಅದನ್ನೂ ಒಪ್ಪೋಣ.

ಆದರೆ ಇಲ್ಲಿನವರಿಗೆ ಕಮಾನು ಕಟ್ಟಲು ಬರುತ್ತಿರಲಿಲ್ಲವೇ? ಬುಕಾನನನ ಮಾತಿನ ಹಿಂದೆ ಇರುವುದು ಈ ಅನುಮಾನವೇ. ಇದೇ ದ್ವೀಪದ ಪೂರ್ವದ ತುದಿಯಲ್ಲಿ 1782–84ರಲ್ಲಿ ಟಿಪ್ಪು ಕಟ್ಟಿಸಿದ ಗುಂಬಜ್ ಇದೆ. ಆ ಗುಮ್ಮಟ ಕಮಾನುಗಳ ತತ್ವವನ್ನು ಬಿಟ್ಟು ನಿಲ್ಲುವುದಿಲ್ಲ. ಅದಕ್ಕೂ ನೂರಿಪ್ಪತ್ತು ವರ್ಷಕ್ಕಿಂತ ಮೊದಲೇ ವಿಜಯಪುರದಲ್ಲಿ ಗೋಲಗುಮ್ಮಟ ಎದ್ದಿತ್ತು. ಕಮಾನನ್ನು ಬಲ್ಲವರು ಬೇಕೆಂದೇ ಕಂಬ-ತೊಲೆಗಳನ್ನು ಆರಿಸಿಕೊಂಡರು ಎಂದು ನನಗನ್ನಿಸುತ್ತದೆ. ಕಮಾನಿಗೆ ಅದು ಕೂಡಿಕೊಳ್ಳುವವರೆಗೆ ಕೆಳಗಿನಿಂದ ಮರದ ಆಸರೆ ಬೇಕು, ಆ ಆಸರೆ ನದಿಯ ನಡುವೆ ನಿಲ್ಲಬೇಕು, ಮಳೆಗಾಲದ ಮುಂಚೆ ಕೆಲಸ ಮುಗಿಯಬೇಕು. ಕಂಬ-ತೊಲೆಯ ಸೇತುವೆಯನ್ನಾದರೆ ಈ ಬೇಸಿಗೆಯಲ್ಲಿ ಎಷ್ಟು ಸಾಲು ಆಗುತ್ತದೋ ಅಷ್ಟು ಮಾಡಿ, ನೆರೆ ಬಂದಾಗ ಮನೆಗೆ ಹೋಗಿ, ಮುಂದಿನ ಬೇಸಿಗೆಗೆ ಮತ್ತೆ ಬರಬಹುದು.

ಕಮಾನಿನ ಪಕ್ಷ ವಹಿಸಿದವನೊಬ್ಬ ಊರಿಗೆ ಬಂದೇ ಬಂದ. ಕಂಪನಿಯ ಸೇನೆಯ ಎಂಜಿನಿಯರ್ ಥಾಮಸ್ ಫಿಯಟ್ ಡಿ ಹ್ಯಾವಿಲ್ಯಾಂಡ್, ಮುಂದೆ ಮದರಾಸಿನ ಸೇಂಟ್ ಆಂಡ್ರ್ಯೂಸ್ ಇಗರ್ಜಿಯನ್ನು ಕಟ್ಟಿದವನು, ಕಾವೇರಿಗೆ ಇಟ್ಟಿಗೆಯ ದೊಡ್ಡ ಕಮಾನುಗಳ ಸೇತುವೆ ಸಾಧ್ಯ ಎಂದು ವಾದಿಸಿದ. ನಂಬದವರನ್ನು ನಂಬಿಸಲು ಶ್ರೀರಂಗಪಟ್ಟಣದಲ್ಲಿಯೇ, ಒಣ ನೆಲದ ಮೇಲೆ, ನೂರು ಅಡಿಗೂ ಮೀರಿದ ತೆರಪಿನ ಒಂದೇ ಕಮಾನನ್ನು 1810ರ ಆಸುಪಾಸಿನಲ್ಲಿ ಕಟ್ಟಿ ತೋರಿಸಿದ. ಎಷ್ಟು ಚಪ್ಪಟೆಯಾಗಿ, ಎಷ್ಟು ತೆಳುವಾಗಿ ಇತ್ತೆಂದರೆ ಅದನ್ನು ನೋಡಲೆಂದೇ ಜನ ಹೋಗುತ್ತಿದ್ದರು. ಆ ಕಮಾನು ಒಂದು ನೂರು ವರ್ಷಕ್ಕಿಂತ ಹೆಚ್ಚು ಕಾಲ ಏನನ್ನೂ ದಾಟಿಸದೆ, ಯಾರ ಭಾರವನ್ನೂ ಹೊರದೆ ನಿಂತಿದ್ದು, 1937ರಲ್ಲಿ ಕುಸಿಯಿತು. ಇದನ್ನು ಹೇಳಿ ಡಿ ಹ್ಯಾವಿಲ್ಯಾಂಡನನ್ನು ಸೋತವನೆಂದು ನಗುವುದು ನನ್ನ ಉದ್ದೇಶವಲ್ಲ. ಇಟ್ಟಿಗೆಯಲ್ಲಿ ಅಂಥ ತೆರಪನ್ನು ಹಾರಿಸಿದ ಧೈರ್ಯಕ್ಕೆ ಯಾವ ಎಂಜಿನಿಯರ್ ಆದರೂ ಕೈಮುಗಿಯಬೇಕು, ಅದು ಬಿದ್ದದ್ದು ನನಗೆ ನಷ್ಟವೆಂದೇ ಅನ್ನಿಸುತ್ತದೆ. ಲಂಡನ್ನಿನಲ್ಲಿ ಆರ್ಥರನ ವಿಜಯದ ನೆನಪಿಗೆ ವಾಟರ್ಲೂ ಎಂದು ಹೆಸರಿಟ್ಟು 1817ರಲ್ಲಿ ತೆರೆದ ಕಣಶಿಲೆಯ ಕಮಾನು ಸೇತುವೆಯೂ, ಥೇಮ್ಸ್ ನದಿ ಅದರ ಬುಡವನ್ನು ಕೊರೆದದ್ದರಿಂದ ಕುಗ್ಗಿ, ಅದೇ 1930ರ ದಶಕದಲ್ಲಿ ಕೆಡವಲ್ಪಟ್ಟಿತು. ಅಣ್ಣನ ಹೆಸರಿನ ಒರಟು ಸೇತುವೆ ಮಾತ್ರ ಇಲ್ಲಿ ಉಳಿದಿದೆ. ಥೇಮ್ಸಿನ ತಳಕ್ಕೂ ಕಾವೇರಿಯ ತಳಕ್ಕೂ ಹೋಲಿಕೆಯಿಲ್ಲವೆಂಬುದನ್ನು ಮರೆತು ಇದರಿಂದ ದೊಡ್ಡ ಮಾತು ಆಡಬಾರದು, ಅಷ್ಟು ನನಗೆ ಗೊತ್ತು. ಆದರೂ ಹೇಳದೆ ಬಿಡಲು ಮನಸ್ಸಾಗಲಿಲ್ಲ.

ಈ ಪದ್ಧತಿಗೆ ಮಿತಿಯಿಲ್ಲವೆಂದಲ್ಲ. ಹತ್ತು ಅಡಿಗೊಂದು ಕಂಬದ ಸಾಲು ಎಂದರೆ ನೆರೆಯಲ್ಲಿ ಕೊಚ್ಚಿಕೊಂಡು ಬರುವ ಮರದ ದಿಮ್ಮಿಗೆ, ಬಿದಿರಿನ ಮೆಳೆಗೆ ಅದೊಂದು ಬಾಚಣಿಗೆ. ಒಮ್ಮೆ ಕಸ ಸಿಕ್ಕಿಕೊಂಡರೆ ಸೇತುವೆ ಅಣೆಕಟ್ಟೆಯಂತಾಗುತ್ತದೆ, ನೀರಿನ ಪೂರ್ತಿ ನೂಕು ಅದರ ಮೇಲೆ ಬರುತ್ತದೆ. ಕೆಳಗಡೆ ಶಿವನಸಮುದ್ರದಲ್ಲಿ ಇದೇ ಕುಲದ ಎರಡು ಸೇತುವೆಗಳಿವೆ. ದ್ವೀಪದ ಆ ಕಡೆಗೊಂದು, ಈ ಕಡೆಗೊಂದು. ಬಂಡೆಯಲ್ಲಿ ನೆಟ್ಟ ಕಂಬಗಳು, ಮೇಲೆ ಕಲ್ಲಿನ ತೊಲೆ. ಅವುಗಳನ್ನು 1818ರಿಂದ 1832ರ ನಡುವೆ ಕಟ್ಟಿಸಿದವರು ರಾಮಸ್ವಾಮಿ ಮೊದಲಿಯಾರ್. ಆ ಕೆಲಸಕ್ಕಾಗಿ ಅವರಿಗೆ ಜನೋಪಕಾರ ಕಾಮಕರ್ತ ಎಂಬ ಬಿರುದೂ ಜಹಗೀರೂ ಸಂದವು. ಒಂದಕ್ಕೆ ಮದರಾಸಿನ ಗವರ್ನರ್ ಲಷಿಂಗ್ಟನ್ನನ ಹೆಸರು. ಜನ ವೆಸ್ಲಿ ಸೇತುವೆ ಎಂದು ಕರೆಯುವ ಇನ್ನೊಂದರ ಒಂದು ಭಾಗ 2018ರ ನೆರೆಯಲ್ಲಿ ಕೊಚ್ಚಿಹೋಯಿತು. ಮರುದಿನ ಪತ್ರಿಕೆಯಲ್ಲಿ ಚಿತ್ರ ನೋಡಿದಾಗ, ಬಾಯಿಯ ನಡುವೆ ಹಲ್ಲು ಹೋದ ಹಿರಿಯರ ಮುಖ ನೋಡಿದಂತಾಯಿತು. ಹಂಪಿಯಲ್ಲಿ, ವಿಠ್ಠಲ ದೇವಸ್ಥಾನದಿಂದ ತುಂಗಭದ್ರೆಗೆ ಇಳಿದರೆ, ಆನೆಗೊಂದಿಯ ಕಡೆಗೆ ಹೊರಟ ವಿಜಯನಗರ ಕಾಲದ ಸೇತುವೆಯ ಕಂಬಗಳಷ್ಟೇ ನೀರಿನಲ್ಲಿ ನಿಂತಿವೆ, ತೊಲೆಗಳಿಲ್ಲ, ಹಾಸಿಲ್ಲ. ಬಂಡೆಯೊಳಗೆ ಇಳಿದದ್ದು ಉಳಿಯಿತು, ಬರೀ ತೂಕದಿಂದ ಕುಳಿತದ್ದು ಹೋಯಿತು. ಈ ಬಗೆಯ ಸೇತುವೆಗಳ ಬಲವೂ ದೌರ್ಬಲ್ಯವೂ ಆ ಒಂದೇ ನೋಟದಲ್ಲಿ ತಿಳಿಯುತ್ತವೆ.

ಶ್ರೀರಂಗಪಟ್ಟಣದ ಸೇತುವೆ ಯಾರಿಗಾಗಿ ಎದ್ದಿತೋ ಅವರು ಬಹಳ ಕಾಲ ಅಲ್ಲಿ ಉಳಿಯಲಿಲ್ಲ ಎಂಬುದು ಕಥೆಯ ಇನ್ನೊಂದು ತಿರುವು. ಸೇತುವೆಗೆ ಹೆಸರು ಕೊಟ್ಟ ವೆಲ್ಲೆಸ್ಲಿ 1805ರಲ್ಲಿ ಭಾರತ ಬಿಟ್ಟ, ತಮ್ಮನೂ ಅದೇ ವರ್ಷ ಹೊರಟ. ದ್ವೀಪದ ಚಳಿಜ್ವರಕ್ಕೆ ಕಂಪನಿಯ ಸೈನಿಕರು ಹಣ್ಣಾದರು. 1809ರಿಂದ ಬೆಂಗಳೂರಿನಲ್ಲಿ ದಂಡು ನೆಲೆಯೂರಿತು, ಶ್ರೀರಂಗಪಟ್ಟಣ ಸೊರಗಿತು. ಟಿಪ್ಪುವಿನ ಕಾಲದಲ್ಲಿ ಒಂದೂವರೆ ಲಕ್ಷ ಜನವಿದ್ದಿರಬಹುದೆಂದು ಬುಕಾನನ್ ಅಂದಾಜು ಮಾಡಿದ ದ್ವೀಪದಲ್ಲಿ ಅವನು ಬಂದಾಗಲೇ ಸುಮಾರು 32 ಸಾವಿರ ಜನ ಉಳಿದಿದ್ದರು. ಅರಮನೆಯೂ ಕರಗಿತು. ಟಿಪ್ಪುವಿನ ಲಾಲ್ ಮಹಲಿನ ಮರದ ತೊಲೆಗಳು 1830ರ ಸುಮಾರಿಗೆ ನೀಲಗಿರಿ ಹತ್ತಿ ಉದಕಮಂಡಲದ ಸೇಂಟ್ ಸ್ಟೀಫನ್ಸ್ ಇಗರ್ಜಿಯ ಮಾಡು ಹೊತ್ತವು. ಪೂರ್ಣಯ್ಯನವರು 1811ರಲ್ಲಿ ಅಧಿಕಾರ ಬಿಟ್ಟು, ಮರುವರ್ಷ ಶ್ರೀರಂಗಪಟ್ಟಣದಲ್ಲಿಯೇ ತೀರಿಕೊಂಡರು. ಕಾವೇರಿಯನ್ನು ಮೈಸೂರು ನಗರಕ್ಕೆ ತರಲೆಂದು ಅವರು ತೆಗೆಸಿದ ನಾಲೆ ಕೊನೆಮುಟ್ಟಲಿಲ್ಲ. ಪೂರ್ಣಯ್ಯ ನಾಲೆ ಎಂಬ ಹೆಸರು ಮಾತ್ರ ಮೈಸೂರಿನಲ್ಲಿ ಉಳಿದಿದೆ. ತಂದ ನೀರು ಬರಲಿಲ್ಲ, ದಾಟಿದ ಸೇತುವೆ ನಿಂತಿತು, ಮತ್ತು ನಿಂತದ್ದಕ್ಕೆ ಅವರ ಹೆಸರಿಲ್ಲ.

ದಂಡು ಹೋದ ಮೇಲೆ ಸೇತುವೆ ಊರಿನವರದಾಯಿತು. ಬೆಂಗಳೂರು–ಮೈಸೂರು ದಾರಿಯ ಗಾಡಿಗಳು, ಕಬ್ಬು ಹೊತ್ತ ಎತ್ತುಗಳು, ಆಮೇಲೆ ಮೋಟಾರುಗಳು ಅದರ ಮೇಲೆ ಹೋದವು. 1880ರ ದಶಕದ ಆರಂಭದಲ್ಲಿ ರೈಲು ಬೇರೆ ಸೇತುವೆಯ ಮೇಲೆ ನದಿ ದಾಟಿತು. ಹೆದ್ದಾರಿಗೂ ಹೊಸ ಸೇತುವೆಗಳು ಬಂದವು. 1924ರಲ್ಲಿ ಕಾವೇರಿಗೆ ಇಂದಿಗೂ ನೆನೆಯುವಂಥ ನೆರೆ ಬಂತು. ಆ ವೇಳೆಗೆ ಮೇಲ್ಗಡೆ ಕನ್ನಂಬಾಡಿ ಕಟ್ಟೆಯ ಕೆಲಸ ನಡೆಯುತ್ತಿತ್ತು. 1911ರಲ್ಲಿ ಶುರುವಾಗಿ ಮೂವತ್ತರ ದಶಕದ ಆರಂಭದಲ್ಲಿ ಮುಗಿದ ಆ ಕಟ್ಟೆಯ ನಂತರ ಈ ಸೇತುವೆಯ ಕೆಳಗಿನ ನದಿ ಮಳೆಗಿಂತ ಹೆಚ್ಚಾಗಿ ತೂಬುಗಳ ಮಾತು ಕೇಳುತ್ತದೆ. ಕಟ್ಟೆ 124.80 ಅಡಿ ತುಂಬಿ, ಮೇಲಿಂದ ಒಳಹರಿವು ನಿಲ್ಲದಿದ್ದಾಗ ಲಕ್ಷ ಕ್ಯೂಸೆಕ್‌ಗೂ ಮಿಕ್ಕಿ ನೀರು ಬಿಡುತ್ತಾರೆ. ಅಂಥ ದಿನ ಸೇತುವೆಯ ಬಾಯಿಗೆ ಅಡ್ಡಗಟ್ಟೆ ಇಟ್ಟು ಜನರನ್ನು ತಡೆಯುತ್ತಾರೆ, ಜನ ಅಡ್ಡಗಟ್ಟೆಯ ಈಚೆ ನಿಂತು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಾರೆ. ನಾನೂ ಹಾಗೆ ನಿಂತವನೇ. ಕೆಂಪು ನೀರು ತೊಲೆಗಳ ಹತ್ತಿರಕ್ಕೆ ಏರಿ, ಕಂಬಗಳು ಒಂದೂ ಕಾಣದೆ, ಗಟ್ಟಿ ರಸ್ತೆಯೊಂದು ನದಿಯ ಮೇಲೆ ತೇಲುತ್ತಿರುವಂತೆ ತೋರುತ್ತಿತ್ತು.

ನನಗೆ ನೆರೆಗಿಂತ ಹೆಚ್ಚು ಭಯ ಅರಳಿಯ ಸಸಿಗಳದು. ಹಕ್ಕಿ ಹಾಕಿದ ಬೀಜ ಕಲ್ಲುಗಳ ಸಂದಿಯಲ್ಲಿ ಮೊಳೆತು, ಬೇರು ಇಳಿದು, ಕಲ್ಲುಕುಟಿಗನ ಬೆಣೆ ಮಾಡಿದ ಕೆಲಸವನ್ನೇ ನಿಧಾನವಾಗಿ ಮಾಡುತ್ತದೆ. ಸುಮ್ಮನೆ ಕೊಯ್ದರೆ ಮತ್ತೆ ಚಿಗುರುತ್ತದೆ. ಬೇರು ಸಾಯುವಂತೆ ನೋಡಿಕೊಂಡು, ಸಂದಿಗೆ ಸುಣ್ಣದ ಗಾರೆ ತುಂಬಬೇಕು. ಸಿಮೆಂಟು ಮೆತ್ತುವುದು ಸುಲಭ, ಆದರೆ ಅದು ಕಲ್ಲಿನ ಅಲುಗಾಟಕ್ಕೆ ಬಗ್ಗುವುದಿಲ್ಲ, ಒಳಗೆ ಹೊಕ್ಕ ನೀರನ್ನು ಹೊರಗೆ ಬಿಡುವುದಿಲ್ಲ. ವರ್ಷಕ್ಕೊಮ್ಮೆ, ನೆರೆ ಇಳಿದ ಮೇಲೆ, ಕಂಬಗಳ ನಡುವೆ ಸಿಕ್ಕಿದ ಮರದ ದಿಮ್ಮಿಗಳನ್ನು ಎಳೆದುಹಾಕುವುದು ಇನ್ನೊಂದು ಕೆಲಸ. ಇದಕ್ಕೆ ದೊಡ್ಡ ಯೋಜನೆ ಬೇಕಿಲ್ಲ. ನಾಲ್ಕು ಆಳು, ಎರಡು ಹಗ್ಗ, ಅವರಿಗೆ ಕೂಲಿ ಕೊಡುವ ಒಂದು ಕೈ ಸಾಕು.

ಆ ಬೇಸಿಗೆಯ ದಿನ ಹೊರಡುವ ಮೊದಲು ನೀರು ಪೂರ್ತಿ ಬತ್ತಿದ್ದ ಒಂದು ಕಂಬದ ಬುಡದಲ್ಲಿ ಕುಳಿತೆ. ಕಂಬ ಎಲ್ಲಿ ಮುಗಿದು ಬಂಡೆ ಎಲ್ಲಿ ಶುರುವಾಗುತ್ತದೆ ಎಂದು ಹುಡುಕಬೇಕೆನಿಸಿತು. ಒಣಗಿದ ಪಾಚಿಯನ್ನು ಉಗುರಿನಿಂದ ಕೆರೆದೆ. ಎರಡೂ ಒಂದೇ ಬಣ್ಣ, ಒಂದೇ ಕಣ, ಎರಡನ್ನೂ ನೀರು ಒಂದೇ ಹದಕ್ಕೆ ಉಜ್ಜಿ ನಯ ಮಾಡಿತ್ತು. ಬೆರಳಾಡಿಸುತ್ತ ಹೋದಂತೆ ಒಂದು ಕಡೆ ಕೂದಲೆಳೆಯಷ್ಟು ತಗ್ಗು ಸಿಕ್ಕಿತು. ಅದು ಗುಳಿಯ ಅಂಚೋ, ಬಂಡೆಯದೇ ಬಿರುಕೋ ತಿಳಿಯಲಿಲ್ಲ. ಅಷ್ಟರಲ್ಲಿ ಮೇಲೆ ಯಾರೋ ಸೈಕಲ್ಲಿನಲ್ಲಿ ದಾಟಿದರು. ಕಲ್ಲಿನ ಮೂಲಕ ಆ ಸದ್ದು ನನ್ನ ಬೆರಳಿನ ತನಕ ಬರಬಹುದೆಂದು ಕಾದೆ. ಬರಲಿಲ್ಲ.